ತುಂಬಿಯೇ ಮರಳುತ್ತಿದ್ದ ನೀರಿನ ಬಾಟಲಿ: ಒಂದು ಪ್ರಕರಣ ಅಧ್ಯಯನ

ಮಕ್ಕಳ ವೈದ್ಯರು ಆ ಹುಡುಗನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಶಾಲೆಯಲ್ಲಿ ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಹೋಗುತ್ತೀಯಪ್ಪ?’ ಹುಡುಗ ತಾಯಿಯ ಮುಖ ನೋಡಿದ, ನೆಲ ನೋಡಿದ, ‘ಹೋಗುವುದಿಲ್ಲ’ ಎಂದ. ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ಸಂಜೆ ನಾಲ್ಕೂವರೆಗೆ ಮರಳುವವರೆಗೆ ಒಂದು ಸಲವೂ ಇಲ್ಲ. ಎರಡು ತಿಂಗಳಿಂದ ಸೋಮವಾರ ಬೆಳಿಗ್ಗೆ ತಪ್ಪದೆ ಬರುತ್ತಿದ್ದ ಹೊಟ್ಟೆನೋವಿಗೆ ಅದಾಗಲೇ ಜಂತುಹುಳದ ಮಾತ್ರೆ, ಓಮದ ನೀರು, ದೃಷ್ಟಿ ತೆಗೆಯುವುದು ಎಲ್ಲವೂ ಆಗಿತ್ತು. ವೈದ್ಯರು ಮೂತ್ರ ಪರೀಕ್ಷೆ ಮಾಡಿಸಿದರು, ಸೋಂಕಿಗೆ ಔಷಧ ಕೊಟ್ಟರು. ಜೊತೆಗೆ ನನ್ನ ಫೋನ್ ನಂಬರ್ ಬರೆದ ಚೀಟಿಯನ್ನೂ ಕೊಟ್ಟರು.

ನಾನು ಮೈಸೂರಿನಲ್ಲಿ ಮಕ್ಕಳ ಆಪ್ತ ಸಮಾಲೋಚಕಿ. ಈ ಪ್ರಕರಣವನ್ನು ಹೆತ್ತವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹುಡುಗನನ್ನೂ ಕೇಳಿದೆ. ಎರಡು ಸಂಗತಿಗಳನ್ನು ಬರೆಯಬೇಡಿ ಎಂದ. ಅವು ಇಲ್ಲಿ ಇಲ್ಲ.

ಹಿನ್ನೆಲೆ

ಹುಡುಗನಿಗೆ ಹನ್ನೆರಡು ವರ್ಷ, ಏಳನೇ ತರಗತಿ. ತಂದೆ ಬ್ಯಾಂಕೊಂದರಲ್ಲಿ ಗುಮಾಸ್ತರು. ವಿಜಯಪುರದ ಕಡೆಯಿಂದ ಮೈಸೂರಿಗೆ ವರ್ಗವಾಗಿ ಮೇ ತಿಂಗಳ ಕೊನೆಯಲ್ಲಿ ಸಂಸಾರ ಸಮೇತ ಬಂದರು. ಜೂನ್‌ನಲ್ಲಿ ಹುಡುಗ ಒಂದು ಖಾಸಗಿ ಶಾಲೆಗೆ ಸೇರಿದ. ಊರಿನಲ್ಲಿ ತರಗತಿಯ ಮುಂದಾಳು, ಖೋಖೋ ತಂಡದಲ್ಲಿದ್ದವನು, ಬಾಯಿ ತುಂಬ ಮಾತನಾಡುತ್ತಿದ್ದವನು.

ಜೂನ್ ಕೊನೆಯ ಒಂದು ದಿನ ಗಣಿತದ ಮೇಷ್ಟ್ರು ಲೆಕ್ಕ ಮುಗಿಯಿತೇ ಎಂದು ಕೇಳಿದಾಗ ಇವನು ಎದ್ದು ನಿಂತು ‘ಮಾಡಾಕತ್ತೀನ್ರಿ ಸರ’ ಎಂದ. ಮೇಷ್ಟ್ರು ನಕ್ಕು ಅದೇ ರಾಗದಲ್ಲಿ ಆ ಮಾತನ್ನು ಮರಳಿ ಹೇಳಿದರು. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವರ ಮನಸ್ಸಿನಲ್ಲಿ ಕೇಡೇನೂ ಇರಲಿಲ್ಲ ಎಂದು ನಾನು ನಂಬುತ್ತೇನೆ. ಆಮೇಲೆ ಅವರನ್ನು ಕಂಡು ಮಾತನಾಡಿದ್ದೇನೆ. ಆದರೆ ನಲವತ್ತು ಮಕ್ಕಳ ಮುಂದೆ ದೊಡ್ಡವರೊಬ್ಬರು ಒಂದು ಮಗುವಿನ ಮಾತನ್ನು ಆಡಿಕೊಂಡರೆ, ಉಳಿದ ಮಕ್ಕಳಿಗೆ ಅದು ಅಪ್ಪಣೆಯ ಹಾಗೆ ಕೇಳಿಸುತ್ತದೆ.

ಅಂದಿನಿಂದ ಆ ಮಾತೇ ಅವನ ಹೆಸರಾಯಿತು. ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಂಡ ಮೇಲೆ ‘ರೊಟ್ಟಿ’ ಎಂಬ ಇನ್ನೊಂದು ಹೆಸರು ಸೇರಿತು. ನಾಲ್ವರು ಹುಡುಗರ ಗುಂಪೊಂದು ಇದನ್ನು ದಿನಚರಿ ಮಾಡಿಕೊಂಡಿತು. ಅವನು ಶೌಚಾಲಯಕ್ಕೆ ಹೋದರೆ ಹೊರಗಿನಿಂದ ಬಾಗಿಲು ಹಿಡಿದುಕೊಂಡು, ಒಳಗೆ ಏನು ಮಾಡಾಕತ್ತೀ ಎಂದು ಕೂಗುವುದು, ಗಂಟೆ ಹೊಡೆಯುವವರೆಗೆ ಬಿಡದಿರುವುದು. ಎರಡನೇ ಸಲ ಹಾಗಾದ ಮೇಲೆ ಹುಡುಗ ಶಾಲೆಯಲ್ಲಿ ನೀರು ಕುಡಿಯುವುದನ್ನೇ ನಿಲ್ಲಿಸಿದ.

ತಾಯಿ ದಿನವೂ ಆ ಸ್ಟೀಲ್ ಬಾಟಲಿಯನ್ನು ಚೀಲದಿಂದ ತೆಗೆದು, ನೀರನ್ನು ಮನೆ ಮುಂದಿನ ತುಳಸಿ ಗಿಡಕ್ಕೆ ಸುರಿದು, ತೊಳೆದು ಕವುಚಿಡುತ್ತಿದ್ದರು. ಇದನ್ನು ನನಗೆ ಹೇಳುವಾಗ ಅವರ ಕೈ ಬಾಟಲಿ ಬಗ್ಗಿಸುವಂತೆಯೇ ಬಗ್ಗಿತ್ತು. ಎರಡು ತಿಂಗಳು ತುಳಸಿಗೆ ಸುರಿದೆ, ಒಂದು ದಿನವೂ ಯಾಕೆ ಎಂದು ಕೇಳಿಕೊಳ್ಳಲಿಲ್ಲ ಎಂದು ಅತ್ತರು. ಮಳೆಗಾಲ, ಬಾಯಾರಿಕೆ ಕಡಿಮೆ ಎಂದುಕೊಂಡಿದ್ದರಂತೆ. ಯಾವ ತಾಯಿಯಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು.

ಇನ್ನೊಂದು ಬದಲಾವಣೆ ಅವರಿಗೆ ಖುಷಿಯನ್ನೇ ಕೊಟ್ಟಿತ್ತು. ಮಗ ಡಬ್ಬಿಗೆ ಚಿತ್ರಾನ್ನ ಬೇಕು ಎನ್ನತೊಡಗಿದ. ಹೊಸ ಊರಿಗೆ ಹೊಂದಿಕೊಳ್ಳುತ್ತಿದ್ದಾನೆ ಎಂದು ಅವರು ಗಂಡನಿಗೆ ಹೇಳಿದ್ದರು. ಜುಲೈ ಕೊನೆಯ ಹೊತ್ತಿಗೆ ಅವನು ‘ಅವ್ವ’ ಎನ್ನುವುದನ್ನು ಬಿಟ್ಟು ‘ಅಮ್ಮ’ ಎನ್ನತೊಡಗಿದ್ದ. ಅದು ಮಾತ್ರ ಅವರಿಗೆ ಎದೆಯಲ್ಲಿ ಮುಳ್ಳು ಮುರಿದಂತೆ ಆಗಿತ್ತು. ಯಾರಿಗೂ ಹೇಳಿಕೊಂಡಿರಲಿಲ್ಲ.

ಹೆತ್ತವರು ಮೊದಲು ಮಾಡಿದ್ದು

ಹುಡುಗ ಏನನ್ನೂ ಹೇಳಿರಲಿಲ್ಲ ಎಂದಲ್ಲ. ಜುಲೈ ಮೊದಲ ವಾರದಲ್ಲಿಯೇ, ಊಟಕ್ಕೆ ಕುಳಿತಾಗ, ಶಾಲೆಯಲ್ಲಿ ರೇಗಿಸುತ್ತಾರೆ ಎಂದಿದ್ದ. ನಮ್ಮ ಭಾಷೆಯಲ್ಲಿ ಈ ಪೀಡೆಗೆ ಇರುವ ಮಾತುಗಳೆಲ್ಲ ಹಗುರವಾದವು: ರೇಗಿಸುವುದು, ಕೀಟಲೆ, ತಮಾಷೆ. ಮಗು ತನಗೆ ಸಿಕ್ಕ ಪದವನ್ನು ಬಳಸುತ್ತದೆ, ದೊಡ್ಡವರು ಆ ಪದದ ತೂಕವನ್ನೇ ನಂಬಿಬಿಡುತ್ತಾರೆ.

ತಂದೆ ತುತ್ತು ಕಲಸುತ್ತಲೇ, ನೀನೂ ಎರಡು ಬಿಡು, ಸುಮ್ಮನಾಗುತ್ತಾರೆ ಎಂದರು. ಹತ್ತು ದಿನಗಳ ನಂತರ ಹುಡುಗ ಹಾಗೆಯೇ ಮಾಡಿದ. ಮೆಟ್ಟಿಲ ಕೆಳಗೆ ನಾಲ್ವರೂ ಸುತ್ತುವರಿದಾಗ ಕೈಯಲ್ಲಿದ್ದ ಬಾಟಲಿ ಬೀಸಿದ. ಒಬ್ಬನ ಹುಬ್ಬು ಒಡೆಯಿತು, ಮೂರು ಹೊಲಿಗೆ ಬಿದ್ದವು. ಶಾಲೆ ಇವನನ್ನು ಎರಡು ದಿನ ಮನೆಯಲ್ಲಿ ಕೂರಿಸಿತು, ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆಯಿತು. ಬಾಟಲಿಯ ಬುಡದಲ್ಲಿ ಈಗಲೂ ಒಂದು ನಜ್ಜು ಇದೆ. ಕಾಡಿಸಿದವರು ಬಡಪಾಯಿಗಳಾದರು, ಇವನು ‘ಹೊಡೆಯುವ ಹುಡುಗ’ನಾದ.

ತಾಯಿಗೆ ತಡೆಯಲಾಗಲಿಲ್ಲ. ಒಂದು ಸಂಜೆ ಶಾಲೆಯ ಗೇಟಿನಲ್ಲಿ ನಿಂತು, ಗುಂಪಿನ ಮುಂದಾಳು ಹುಡುಗನನ್ನು ತಡೆದು, ನನ್ನ ಮಗನ ತಂಟೆಗೆ ಬಂದರೆ ನೋಡು ಎಂದು ಗದರಿದರು. ಮರುದಿನ ತರಗತಿಯಲ್ಲಿ ಅವರ ಗದರಿಕೆಯನ್ನೇ, ಅವರ ಸೀಮೆಯ ಮಾತಿನಲ್ಲಿಯೇ, ನಾಲ್ವರೂ ಅಭಿನಯಿಸಿ ತೋರಿಸಿದರು. ಅದೇ ವಾರ ಅವರು ತರಗತಿಯ ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಉದ್ದದ ಸಂದೇಶ ಹಾಕಿದರು. ಹುಬ್ಬು ಒಡೆದ ಹುಡುಗನ ಫೋಟೋ ಉತ್ತರವಾಗಿ ಬಂತು. ರಾತ್ರಿ ಹನ್ನೊಂದರವರೆಗೆ ಸಂದೇಶಗಳು ಬರುತ್ತಲೇ ಇದ್ದವು. ಹುಡುಗ ಅವ್ವನ ಮೊಬೈಲ್ ತೆಗೆದು ಎಲ್ಲವನ್ನೂ ಓದಿದ್ದಾನೆ ಎನ್ನುವುದು ಅವರಿಗೆ ಗೊತ್ತಾದದ್ದು ನನ್ನ ಕೋಣೆಯಲ್ಲಿ.

ಆಮೇಲೆ ಹುಡುಗ ‘ಈಗ ಎಲ್ಲ ಸರಿಯಾಗಿದೆ’ ಎಂದು ಹೇಳತೊಡಗಿದ. ಹೆತ್ತವರು ನಿಟ್ಟುಸಿರು ಬಿಟ್ಟರು. ಹೊಟ್ಟೆನೋವು ಶುರುವಾದದ್ದು ಆ ಆಗಸ್ಟ್‌ನಲ್ಲಿಯೇ. ನನ್ನ ಅನುಭವದಲ್ಲಿ ಇದು ತೀರಾ ಅಪಾಯದ ಘಟ್ಟ. ಮಗು ದೂರು ನಿಲ್ಲಿಸಿದ್ದು ಕಾಟ ನಿಂತದ್ದರಿಂದ ಅಲ್ಲ. ಹೇಳಿದಾಗಲೆಲ್ಲ ತನ್ನನ್ನು ಕೇಳದೆ ದೊಡ್ಡವರು ಏನೋ ಒಂದು ಮಾಡುತ್ತಾರೆ, ಅದರ ಪೆಟ್ಟು ತನಗೇ ಬೀಳುತ್ತದೆ ಎಂದು ಅದು ಕಲಿತುಬಿಟ್ಟಿರುತ್ತದೆ. ಕಾಡುವವರು ಅವನ ಇಷ್ಟಾನಿಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಪ್ರೀತಿಯಿಂದಲೇ ಆದರೂ, ಹೆತ್ತವರೂ ತೆಗೆದುಕೊಂಡಿರಲಿಲ್ಲ.

ಕೋಣೆಯಲ್ಲಿ

ಸೆಪ್ಟೆಂಬರ್ ಕೊನೆಯಲ್ಲಿ ಅವನು ಮೊದಲ ಸಲ ಬಂದಾಗ ಮಾತಿಲ್ಲ. ನಾನೂ ಪ್ರಶ್ನೆ ಹಾಕಲಿಲ್ಲ. ಒಂದು ದೊಡ್ಡ ಹಾಳೆ ಕೊಟ್ಟು ಶಾಲೆಯ ನಕ್ಷೆ ಬಿಡಿಸಲು ಹೇಳಿದೆ. ಸರಾಗವಾಗಿ ಹೋಗುವ ಜಾಗಕ್ಕೆ ಹಸಿರು, ಹೋಗಲಾಗದ ಜಾಗಕ್ಕೆ ಕೆಂಪು. ಅರ್ಧ ಗಂಟೆ ತಲೆ ಎತ್ತದೆ ಬಿಡಿಸಿದ. ಶೌಚಾಲಯ ಕೆಂಪು, ಮೆಟ್ಟಿಲ ಕೆಳಗೆ ಕೆಂಪು, ಶಾಲೆಯ ವ್ಯಾನಿನ ಹಿಂದಿನ ಸೀಟು ಎರಡು ಸಲ ತಿದ್ದಿದ ಕೆಂಪು. ಹಸಿರು ಎರಡೇ ಕಡೆ: ಗ್ರಂಥಾಲಯದ ಕಿಟಕಿ ಮತ್ತು ನೀರಿನ ಫಿಲ್ಟರ್ ಪಕ್ಕ ಆಯಾ ಸ್ಟೂಲ್ ಹಾಕಿಕೊಂಡು ಕೂರುವ ಜಾಗ. ಆಯಾ ಅವನಿಗೆ ಏನೂ ವಿಶೇಷ ಮಾಡಿರಲಿಲ್ಲ. ದಿನವೂ ‘ಊಟ ಆಯಿತೇನಪ್ಪ’ ಎಂದು ಕೇಳುತ್ತಿದ್ದರು, ಅಷ್ಟೇ.

ಆ ನಕ್ಷೆಯ ಮೇಲೆ ಬೆರಳಿಟ್ಟುಕೊಂಡೇ ಅವನು ಎಲ್ಲವನ್ನೂ ಹೇಳಿದ. ಮನೆಯಲ್ಲಿ ಇದನ್ನು ಯಾರೂ ಮಾಡಿ ನೋಡಬಹುದು. ‘ಶಾಲೆ ಹೇಗಿತ್ತು’ ಎಂದರೆ ‘ಚೆನ್ನಾಗಿತ್ತು’ ಎಂದಷ್ಟೇ ಬರುತ್ತದೆ; ‘ಊಟದ ಬಿಡುವಿನಲ್ಲಿ ಎಲ್ಲಿ ಕೂತಿದ್ದೆ, ಪಕ್ಕದಲ್ಲಿ ಯಾರಿದ್ದರು’ ಎಂದರೆ ಸಂಗತಿ ಬರುತ್ತದೆ.

ಇದು ಮಕ್ಕಳ ಸಾಮಾನ್ಯ ಜಗಳವೋ ಅಥವಾ ಪೀಡನೆಯೋ ಎಂದು ನೋಡುವಾಗ ನಾನು ಡಾನ್ ಓಲ್ವೆಯುಸ್ ಅವರ ಮೂರು ಗುರುತುಗಳನ್ನು ಇಟ್ಟುಕೊಳ್ಳುತ್ತೇನೆ. ನಾರ್ವೆಯಲ್ಲಿ ಮೂವರು ಹುಡುಗರು ಪ್ರಾಣ ಕಳೆದುಕೊಂಡ ನಂತರ 1983ರಲ್ಲಿ ದೇಶದ ಶಾಲೆಗಳಲ್ಲೆಲ್ಲ ನಡೆದ ಪೀಡನೆ ತಡೆಯುವ ಅಭಿಯಾನಕ್ಕೆ ಈ ಮನಶ್ಶಾಸ್ತ್ರಜ್ಞರ ಕೆಲಸವೇ ಆಧಾರವಾಗಿತ್ತು. ನೋಯಿಸುವ ಉದ್ದೇಶವಿದೆಯೇ, ಮತ್ತೆ ಮತ್ತೆ ನಡೆಯುತ್ತಿದೆಯೇ, ಇಬ್ಬರ ಬಲದಲ್ಲಿ ಏರುಪೇರಿದೆಯೇ? ಇಲ್ಲಿ ಮೂರೂ ಇದ್ದವು. ನಾಲ್ಕಕ್ಕೆ ಒಂದು, ಹಳಬರಿಗೆ ಹೊಸಬ, ‘ಶುದ್ಧ’ ಎನ್ನಿಸಿಕೊಂಡ ಮಾತಿಗೆ ‘ನಗುವಂಥ’ ಮಾತು.

ಮೂರನೆಯದನ್ನು ಬಿಡಿಸಿ ಹೇಳಬೇಕು. ವಿಜಯಪುರದ ಕನ್ನಡ ಕೆಟ್ಟ ಕನ್ನಡವಲ್ಲ, ಹಾಗೆಯೇ ಮೈಸೂರಿನದು ಏಕೈಕ ಕನ್ನಡವೂ ಅಲ್ಲ. ಆದರೂ ಉತ್ತರದ ಮಾತನ್ನು ನಗುವಿಗೆ ಬಳಸುವುದು ನಮ್ಮಲ್ಲಿ ಎಷ್ಟು ರೂಢಿಯಾಗಿದೆ ಎಂದರೆ, ಅದರಿಂದ ಮಗುವೊಂದು ನೀರು ಕುಡಿಯುವುದನ್ನೇ ಬಿಡಬಹುದು ಎಂದು ನಮಗೆ ಹೊಳೆಯುವುದೇ ಇಲ್ಲ. ನನಗೂ ಇಷ್ಟು ವರ್ಷ ಹೊಳೆದಿರಲಿಲ್ಲ.

ಹೆತ್ತವರನ್ನು ಬೇರೆಯಾಗಿ ಕೂರಿಸಿ ಮಾತನಾಡಿದೆ. ತಂದೆ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ ಮಾತು ನನ್ನನ್ನು ಅಲ್ಲಾಡಿಸಿತು. ಬ್ಯಾಂಕಿನ ಕೌಂಟರಿನಲ್ಲಿ ತಾವು ಬಾಯಿ ಬಿಟ್ಟರೆ ಜನ ಮುಸಿಮುಸಿ ನಗುತ್ತಿದ್ದರು, ಒಂದೇ ತಿಂಗಳಲ್ಲಿ ತಾವು ಮಾತು ಬದಲಿಸಿಕೊಂಡರು. ಮಗನಿಗೂ ‘ಇಲ್ಲಿನವರ ಹಾಗೆ ಮಾತನಾಡು, ಸರಿಹೋಗುತ್ತದೆ’ ಎಂದು ಕಿವಿಮಾತು ಹೇಳಿದ್ದರು. ‘ಅವ್ವ’ ಎಲ್ಲಿ ಹೋಯಿತು ಎನ್ನುವುದು ಅಲ್ಲಿ ಕುಳಿತಿದ್ದ ತಾಯಿಗೆ ಆ ಕ್ಷಣ ತಿಳಿಯಿತು. ನಾನು ಅವರಿಬ್ಬರನ್ನೂ ಬಿಟ್ಟು ಹತ್ತು ನಿಮಿಷ ಹೊರಗೆ ಬಂದೆ.

ಅವರಿಗೆ ನಾನು ಕೇಳಿಕೊಂಡದ್ದು ಒಂದೇ. ಇನ್ನು ಮುಂದೆ ಇಡುವ ಪ್ರತಿ ಹೆಜ್ಜೆಯನ್ನೂ ಮೊದಲು ಮಗನಿಗೆ ತಿಳಿಸಿ, ಅವನ ಅಭಿಪ್ರಾಯ ಕೇಳಿ. ಸುರಕ್ಷತೆಯ ವಿಷಯದಲ್ಲಿ ಕೊನೆಯ ತೀರ್ಮಾನ ದೊಡ್ಡವರದೇ. ಹನ್ನೆರಡರ ಮಗುವಿನ ತಲೆಯ ಮೇಲೆ ಅದನ್ನು ಹೊರಿಸಬಾರದು. ಆದರೆ ಯಾವಾಗ, ಯಾರ ಮುಂದೆ, ಯಾವ ಮಾತಿನಲ್ಲಿ ಎನ್ನುವುದರಲ್ಲಿ ಅವನಿಗೆ ಪಾಲು ಇರಲೇಬೇಕು.

ಅಂದು ರಾತ್ರಿ ತಂದೆ ಮಗನ ಪಕ್ಕ ಹಾಸಿಗೆಯಲ್ಲಿ ಕುಳಿತು, ಎರಡು ಬಿಡು ಎಂದು ನಾನು ಹೇಳಿದ್ದು ತಪ್ಪಾಯಿತು, ಮಾತು ಬದಲಿಸು ಎಂದದ್ದೂ ತಪ್ಪಾಯಿತು ಎಂದರು. ಊರಿನ ಮಾತಿನಲ್ಲಿಯೇ ಹೇಳಿದರಂತೆ. ಹುಡುಗ ಏನೂ ಅನ್ನಲಿಲ್ಲ. ಮರುದಿನ ಒಂದು ಹಾಳೆಯಲ್ಲಿ ತನಗೆ ಬೇಕಾದದ್ದು, ಬೇಡವಾದದ್ದು ಎರಡನ್ನೂ ಬರೆದು ಮೇಜಿನ ಮೇಲೆ ಇಟ್ಟು ಶಾಲೆಗೆ ಹೋದ. ಬೇಡವಾದವು: ಎಲ್ಲರ ಮುಂದೆ ಕ್ಷಮೆ ಕೇಳಿಸುವುದು, ಅಪ್ಪ ಶಾಲೆಯಲ್ಲಿ ಜೋರು ಮಾಡುವುದು, ಬೇರೆ ಶಾಲೆ. ಬೇಕಾದವು: ಪಾಠದ ನಡುವೆ ಶೌಚಾಲಯಕ್ಕೆ ಹೋಗಲು ಅನುಮತಿ, ವ್ಯಾನಿನಲ್ಲಿ ಚಾಲಕರ ಹಿಂದಿನ ಸೀಟು, ‘ಸರ್ ಆ ಮಾತು ಹೇಳಬಾರದು’.

ಬೇರೆ ಶಾಲೆ ಬೇಡ ಎಂದದ್ದು ತಾಯಿಗೆ ಆಶ್ಚರ್ಯ. ಅವರು ವರ್ಗಾವಣೆ ಪತ್ರಕ್ಕೆ ಅರ್ಜಿ ಬರೆದಿಟ್ಟುಕೊಂಡಿದ್ದರು. ಕೆಲವು ಪ್ರಕರಣಗಳಲ್ಲಿ ಶಾಲೆ ಬಿಡಿಸುವುದೇ ಸರಿ, ನಾನೇ ಹಾಗೆ ಹೇಳಿದ್ದೂ ಇದೆ. ಇಲ್ಲಿ ಅವನಿಗೆ ಗ್ರಂಥಾಲಯ ಇಷ್ಟವಾಗಿತ್ತು, ಪಕ್ಕದ ಬೆಂಚಿನ ಹುಡುಗನೊಬ್ಬ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಿದ್ದ. ಅರ್ಜಿ ಡ್ರಾಯರಿಗೆ ಹೋಯಿತು.

ಶಾಲೆಯಲ್ಲಿ

ಹೋಗುವ ಮೊದಲು ಒಂದು ಪುಟದ ಪತ್ರ ಸಿದ್ಧಮಾಡಿದೆವು. ದಿನಾಂಕ, ಜಾಗ, ನಡೆದದ್ದು, ಕಂಡವರು. ಒಂಬತ್ತು ಘಟನೆಗಳು, ಪ್ರತಿಯೊಂದಕ್ಕೂ ಎರಡು ಸಾಲು. ‘ಚಿತ್ರಹಿಂಸೆ’, ‘ಗೂಂಡಾಗಿರಿ’ ಎಂಬ ಪದಗಳು ತಾಯಿಯ ಮೊದಲ ಕರಡಿನಲ್ಲಿದ್ದವು, ತೆಗೆಸಿದೆ. ‘ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂಬ ಸಾಲನ್ನೂ ತೆಗೆಸಿದೆ. ಆ ಸಾಲಿಗೆ ಯಾವ ಶಾಲೆಯೂ ‘ಆಗಲಿ’ ಎಂದು ಹೇಳಿ ಕಳಿಸಬಹುದು. ಬದಲಿಗೆ ಹುಡುಗನ ಮೂರು ಬೇಡಿಕೆಗಳನ್ನು, ಎರಡು ವಾರಗಳ ನಂತರ ಮತ್ತೆ ಭೇಟಿಗೆ ದಿನ ಕೊಡಿ ಎಂಬ ಕೋರಿಕೆಯನ್ನು ಬರೆದೆವು. ನಕಲಿನ ಮೇಲೆ ಶಾಲೆಯ ಸೀಲು, ತಾರೀಖು ಹಾಕಿಸಿಕೊಳ್ಳಲು ಹೇಳಿದೆ.

ತಂದೆಗೆ ಒಂದು ಅಂಜಿಕೆ ಇತ್ತು: ಶಾಲೆ ಕೇಳದಿದ್ದರೆ? ಅದಕ್ಕೆ ದಾರಿಗಳಿವೆ ಎಂದು ಮೊದಲೇ ತಿಳಿದುಕೊಂಡು ಹೋದರೆ ದನಿ ತಾನಾಗಿಯೇ ತಗ್ಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಶಿಕ್ಷಕರೇ ಮಗುವನ್ನು ಆಡಿಕೊಂಡಾಗ ಇದನ್ನು ನೆನಪಿಡಬೇಕು. ರಾಜ್ಯದ 2016ರ ಮಕ್ಕಳ ರಕ್ಷಣಾ ನೀತಿಯ ಪ್ರಕಾರ ಶಾಲೆಗಳಲ್ಲಿ ಮಕ್ಕಳ ರಕ್ಷಣಾ ಸಮಿತಿ ಇರಬೇಕು. ನಿಮ್ಮ ಶಾಲೆಯಲ್ಲಿ ಅದರ ಸದಸ್ಯರು ಯಾರು ಎಂದು ಕೇಳುವುದು ಯಾವ ಪೋಷಕರಿಗೂ ಸಲ್ಲುತ್ತದೆ. ಅಲ್ಲಿ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಲ್ಲಿಂದ ಮೇಲೆ ಉಪನಿರ್ದೇಶಕರು, ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಕರೆ ಮಾಡಬಹುದು. ಮಗು ಸಾಯುವ ಮಾತನಾಡಿದರೆ, ಮೈ ಗಾಯ ಮಾಡಿಕೊಂಡರೆ ಶಾಲೆಯ ಉತ್ತರಕ್ಕೆ ಕಾಯಬಾರದು. ಅಂದೇ ವೈದ್ಯರ ಬಳಿಗೆ ಹೋಗಬೇಕು, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಗಲಿರುಳೂ ಇದೆ. ಈ ಹುಡುಗನನ್ನೂ ನಾನು ಅದನ್ನು ನೇರವಾಗಿ ಕೇಳಿದೆ. ಇಲ್ಲ ಎಂದ. ಕೇಳುವುದರಿಂದ ಆ ವಿಚಾರ ತಲೆಗೆ ಹೋಗುತ್ತದೆ ಎಂದು ಹೆತ್ತವರು ಹೆದರುತ್ತಾರೆ, ಹಾಗೆ ಆಗುವುದಿಲ್ಲ.

ಮುಖ್ಯ ಶಿಕ್ಷಕಿ ಮೊದಲು ಹೇಳಿದ್ದು ‘ಮಕ್ಕಳಾಟ’ ಎಂದು, ಎರಡನೆಯದು ಬಾಟಲಿಯ ವಿಷಯ. ತಂದೆ ಇದಕ್ಕೆ ಸಿದ್ಧರಾಗಿ ಹೋಗಿದ್ದರು. ಅದು ನನ್ನ ಮಗನ ತಪ್ಪು, ಅವನಿಗೆ ಹಾಗೆ ಹೇಳಿಕೊಟ್ಟದ್ದು ನನ್ನ ತಪ್ಪು, ಆ ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಿ ಬರುತ್ತೇನೆ ಎಂದರು. ಕೋಣೆಯ ಗಾಳಿಯೇ ಬದಲಾಯಿತು ಎಂದು ತಾಯಿ ಆಮೇಲೆ ಹೇಳಿದರು. ಮುಖ್ಯ ಶಿಕ್ಷಕಿ ಆಗ ಪತ್ರವನ್ನು ಕೈಗೆತ್ತಿಕೊಂಡು ಓದಿದರು. ಶೌಚಾಲಯದ ಭಾಗಕ್ಕೆ ಬಂದಾಗ ಆಯಾಳನ್ನು ಕರೆಸಿದರು. ಬಾಗಿಲು ಹಿಡಿದುಕೊಳ್ಳುವುದನ್ನು ಆಯಾ ಎರಡು ಸಲ ಕಂಡು ಓಡಿಸಿದ್ದರು. ಅವರನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ನಾಲ್ವರನ್ನೂ, ಇವನನ್ನೂ ಎದುರುಬದುರು ನಿಲ್ಲಿಸಿ ಕೈ ಕುಲುಕಿಸುವ ಯೋಚನೆ ಶಾಲೆಗಿತ್ತು. ನಾನು ಬೇಡವೆಂದು ಕೈಮುಗಿದು ಕೇಳಿಕೊಂಡೆ. ಸಮಬಲದವರ ಜಗಳಕ್ಕೆ ರಾಜಿ ಸರಿ. ಒಬ್ಬನ ಮೇಲೆ ನಾಲ್ವರು ಬಿದ್ದಲ್ಲಿ ಆ ರಾಜಿ ಅವನಿಗೆ ಇನ್ನೊಂದು ಪೇಚಾಟ. ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ಕರೆದು, ಪೋಷಕರೊಂದಿಗೆ ಮಾತನಾಡಿದರು. ಇಬ್ಬರ ಸೆಕ್ಷನ್ ಬದಲಾಯಿತು. ಗುಂಪಿನ ಮುಂದಾಳು ಹುಡುಗನ ಬಗ್ಗೆ ನಾನು ಬರೆಯುವುದಿಲ್ಲ. ಅವನೂ ಮಗು, ಅವನ ಕಥೆ ಅವನ ಮನೆಯದು.

ಗಣಿತದ ಮೇಷ್ಟ್ರಿಗೆ ಅದೆಲ್ಲ ನೆನಪೇ ಇರಲಿಲ್ಲ. ನೆನಪಾದ ಮೇಲೆ ಮುಖ ಕಪ್ಪಿಟ್ಟಿತು. ಅವರು ಹುಡುಗನನ್ನು ಸ್ಟಾಫ್ ರೂಮಿಗೆ ಒಬ್ಬನನ್ನೇ ಕರೆದು, ನಾನು ಹಾಗೆ ಮಾಡಬಾರದಿತ್ತು ಎಂದರು. ಕನ್ನಡದ ಮೇಡಂ, ಹುಡುಗ ಉತ್ತರ ಕರ್ನಾಟಕದ ಮಾತು ಮತ್ತು ರೊಟ್ಟಿಯ ಬಗ್ಗೆ ಪ್ರಾರ್ಥನಾ ಸಭೆಯಲ್ಲಿ ಭಾಷಣ ಮಾಡಲಿ ಎಂದರು. ಒಳ್ಳೆಯ ಮನಸ್ಸಿನ ಸಲಹೆಯೇ, ಆದರೆ ಮಗುವನ್ನು ಪ್ರದರ್ಶನಕ್ಕಿಟ್ಟಂತೆ. ಹುಡುಗನನ್ನು ಕೇಳಿದೆವು, ಬೇಡ ಎಂದ. ಅವರು ಬೇಸರಿಸದೆ ದಾರಿ ಬದಲಿಸಿದರು: ‘ಹೋಗುತ್ತಿದ್ದೇನೆ’ ಎನ್ನುವುದನ್ನು ನಿಮ್ಮ ಅಜ್ಜಿ ಹೇಗೆ ಹೇಳುತ್ತಾರೆ ಎಂದು ಎಲ್ಲ ಮಕ್ಕಳಿಗೂ ಕೇಳಿ ಬರಲು ಹೇಳಿದರು. ಕುಂದಾಪುರದ್ದು, ಹಾಸನದ್ದು, ಚಾಮರಾಜನಗರದ್ದು ಬೋರ್ಡಿನ ಮೇಲೆ ಸಾಲಾಗಿ ಬಂದವು. ಇವನ ಅಜ್ಜಿಯದು ಹನ್ನೊಂದನೆಯದು. ಹನ್ನೆರಡನೆಯವನ ಸರದಿ ಬಂತು, ಯಾರೂ ನಗಲಿಲ್ಲ.

ಪಕ್ಕದ ಬೆಂಚಿನ ಹುಡುಗನ ವಿಷಯವನ್ನು ಇಲ್ಲಿ ಸೇರಿಸಬೇಕು. ಕೆನಡಾದ ಸಂಶೋಧಕರು ಶಾಲೆಯ ಆಟದ ಮೈದಾನಗಳಲ್ಲಿ ಚಿತ್ರೀಕರಣ ಮಾಡಿ, 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಜೊತೆಯ ಮಗುವೊಂದು ನಡುವೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತು ಸೆಕೆಂಡುಗಳೊಳಗೆ ಕಾಟ ನಿಂತಿತ್ತು. ಈ ಹುಡುಗ ಮಾಡಿದ್ದೂ ದೊಡ್ಡದೇನಲ್ಲ. ನವೆಂಬರ್‌ನಲ್ಲಿ ಊಟದ ಬಿಡುವಿನಲ್ಲಿ ಯಾರೋ ಹಳೆಯ ಹೆಸರು ಕೂಗಿದಾಗ, ‘ಸಾಕು ಬಿಡು’ ಎಂದು ಹೇಳಿ ತನ್ನ ಡಬ್ಬಿ ಎತ್ತಿಕೊಂಡು ಇವನ ಪಕ್ಕ ಬಂದು ಕುಳಿತ.

ಜನವರಿಯವರೆಗೆ

ಎರಡು ವಾರಕ್ಕೆ ಒಂದು ಭೇಟಿ, ಆರು ವಾರಕ್ಕೆ ಇನ್ನೊಂದು. ಮೊದಲ ಭೇಟಿಯ ಹೊತ್ತಿಗೆ ಹುಡುಗ ಪಾಠದ ನಡುವೆ ಶೌಚಾಲಯಕ್ಕೆ ಹೋಗತೊಡಗಿದ್ದ, ಬಾಟಲಿ ಅರ್ಧ ಖಾಲಿಯಾಗಿ ಬರುತ್ತಿತ್ತು. ಸೋಮವಾರದ ಹೊಟ್ಟೆನೋವು ನವೆಂಬರ್ ಮಧ್ಯದವರೆಗೂ ಇತ್ತು. ಆಮೇಲೆ ಎಂದು ನಿಂತಿತು ಎನ್ನುವುದು ಮನೆಯವರಿಗೂ ನೆನಪಿಲ್ಲ. ಡಿಸೆಂಬರ್‌ನಲ್ಲಿ ವ್ಯಾನಿನಲ್ಲಿ ಮತ್ತೊಮ್ಮೆ ಕಾಟವಾಯಿತು. ತಾಯಿ ಚಪ್ಪಲಿ ಮೆಟ್ಟಿಕೊಂಡು ಹೊರಟವರು ಬಾಗಿಲಲ್ಲೇ ನಿಂತು, ಏನು ಮಾಡಲಿ ಎಂದು ಮಗನನ್ನು ಕೇಳಿದರು. ಅವನು ನೋಟ್‌ಪುಸ್ತಕದಲ್ಲಿ ತಾರೀಖು ಬರೆದು, ನಾಳೆ ನಾನೇ ಮೇಡಂಗೆ ಹೇಳುತ್ತೇನೆ, ನೀನು ಗೇಟಿನವರೆಗೆ ಬಾ ಎಂದ. ಹೇಳಿದ.

ಅವನು ಮೊದಲಿನಂತೆ ಬಾಯಿ ತುಂಬ ಮಾತನಾಡುವುದಿಲ್ಲ ಇನ್ನೂ. ಶಾಲೆಯಲ್ಲಿ ಮೈಸೂರಿನ ಮಾತು, ಮನೆಯಲ್ಲಿ ಒಮ್ಮೆ ‘ಅಮ್ಮ’ ಒಮ್ಮೆ ‘ಅವ್ವ’. ತಾಯಿ ಯಾವುದಕ್ಕೂ ತಿದ್ದುವುದಿಲ್ಲ.

ಸಂಕ್ರಾಂತಿಗೆ ಅವರು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದರು. ಡಬ್ಬಿಗೆ ಹಾಕಲೇ ಎಂದು ನನಗೆ ಫೋನ್ ಮಾಡಿದರು. ಅವನನ್ನೇ ಕೇಳಿ ಎಂದೆ. ಒಂದು ಗಂಟೆಯ ನಂತರ ಮತ್ತೆ ಫೋನ್ ಬಂತು. ‘ಶನಿವಾರ ಹಾಕು, ಎರಡೇ ಹಾಕು’ ಎಂದನಂತೆ.